ಎಂಬತ್ತರಲ್ಲಿ ಎರಡು

ಬಚ್ಚಲುಮನೆಯ ಬೀಗ ಬಿದ್ದ ಸದ್ದು ಕೇಳಿದಾಗ ಚನ್ನಕೇಶವ ಅಡುಗೆಮನೆಯ ನೆಲದ ಮೇಲೆ ಕೂತು ಶಾವಿಗೆ ಒರಳಿನ ಹಿಡಿಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತಿದ್ದ. ಸರಿಯಾದ ಬೀಗ ಟಕ್ ಎನ್ನುತ್ತದೆ, ಅಷ್ಟೇ. ಇದು ಟಕ್ ಎಂದ ಮೇಲೆ, ಏನೋ ಮರೆತವರು ಬಾಗಿಲ ತನಕ ಹೋಗಿ ಹಿಂತಿರುಗಿ ಬಂದ ಹಾಗೆ, ಸಣ್ಣಗೆ ಇನ್ನೊಂದು ಸಲ ಟಿಕ್ ಎಂದಿತು. ಇಡೀ ಕತಾರಿನಲ್ಲಿ ಆ ಟಿಕ್ಕನ್ನು ಗುರುತು ಹಿಡಿಯಬಲ್ಲವನು ತಾನೊಬ್ಬನೇ ಎಂಬುದು ಅವನಿಗೆ ಗೊತ್ತಿತ್ತು. ಅದರ ಬಗ್ಗೆ ಹೆಮ್ಮೆಪಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಒರಳಿನ ತೂತುಗಳಿಂದ ಇಳಿಯುತ್ತಿದ್ದ ಬಿಳಿ ಎಳೆಗಳು ಅರ್ಧಕ್ಕೆ ನಿಂತು ತೂಗಾಡಿದವು. "ಒತ್ರೀ, ಆರಿದ್ರೆ ಇಳಿಯಲ್ಲ" ಎಂದಳು ಹೆಂಡತಿ ಕಾಂತಾಮಣಿ. ಒತ್ತಿದ. ಒತ್ತುತ್ತಲೇ ಲೆಕ್ಕ ಹಾಕಿದ: ಹೆಂಡತಿ ಎದುರಿಗಿದ್ದಾಳೆ, ಮಗಳು ರಶ್ಮಿತಾ ಸೋಫಾದ ಮೇಲೆ ಟ್ಯಾಬ್ ಹಿಡಿದು ಬಿದ್ದುಕೊಂಡಿದ್ದಾಳೆ. ಹಾಗಾದರೆ ಒಳಗಿರುವುದು ಅತ್ತೆ. ವಿಜಯಮ್ಮ, ವಯಸ್ಸು ಅರವತ್ತೇಳು, ಬಿ.ಪಿ. ಇದೆ, ಒಂದು ತಿಂಗಳ ವಿಸಿಟ್ ವೀಸಾದಲ್ಲಿ ಮೈಸೂರಿನಿಂದ ಬಂದು ಇವತ್ತಿಗೆ ನಾಲ್ಕು ದಿನ.

ಆ ಮನೆಯಲ್ಲಿ ಬಚ್ಚಲಿಗೆ ಯಾರೂ ಚಿಲಕ ಹಾಕುವಂತಿರಲಿಲ್ಲ. ಅಲ್ ವಕ್ರಾದ ಈ ಹೊಸ ಕಟ್ಟಡಕ್ಕೆ ಬಂದ ದಿನ ಕಾಂತಾಮಣಿ ಒಲೆ ನೋಡಲು ಹೋದಳು, ಮಗಳು ಲಿಫ್ಟಿನ ಕನ್ನಡಿ ನೋಡಲು ಹೋದಳು, ಅವನು ಬಚ್ಚಲ ಬಾಗಿಲು ನೋಡಿದ. ತುದಿಯಲ್ಲಿ ಎಲೆಯ ಹಾಗೆ ಸ್ವಲ್ಪ ಬಾಗಿದ ಹಿಡಿ, ಮಂಕು ಬೆಳ್ಳಿಯ ಬಣ್ಣ. ಮುಖ ತಪ್ಪಿಸಿಕೊಂಡು ತಿರುಗುತ್ತಿದ್ದ ನೆಂಟ ಮದುವೆಮನೆಯ ಪಂಕ್ತಿಯಲ್ಲಿ ಎದುರೆಲೆಗೇ ಬಂದು ಕೂತ ಹಾಗಾಯಿತು. ಬಾಗಿಲು, ಬೀಗ ತರಿಸಿ ಮಾರುವ ತನ್ನ ಕಂಪನಿ ಈ ಕಟ್ಟಡಕ್ಕೂ ಸರಕು ಕೊಟ್ಟಿತ್ತೆಂದು ಅವನಿಗೆ ತಿಳಿದಿರಲಿಲ್ಲ, ತಿಳಿಯುವ ಹೊತ್ತಿಗೆ ಅಡ್ವಾನ್ಸು ಕೊಟ್ಟಾಗಿತ್ತು. ಅಂದು ಸಂಜೆ ಊಟಕ್ಕೆ ಕೂತಾಗ ಅವನು ಸಾವಕಾಶವಾಗಿ, ಬೇರೇನೋ ಹೇಳುತ್ತಿರುವವನಂತೆ ಹೇಳಿದ: ಚೀನಾದಲ್ಲಿ ಯಾರೂ ಬಚ್ಚಲಿಗೆ ಚಿಲಕ ಹಾಕುವುದಿಲ್ಲ, ಬಾಗಿಲು ಸುಮ್ಮನೆ ದೂಡಿರುತ್ತಾರೆ, ಗಾಳಿಯಾಡುತ್ತದೆ, ಆರೋಗ್ಯಕ್ಕೆ ಒಳ್ಳೆಯದು. ಹದಿನಾಲ್ಕು ತಿಂಗಳು ಅಲ್ಲಿದ್ದು ಬಂದ ಗಂಡಸಿನ ಮಾತು. ಕಾಂತಾಮಣಿ ನಂಬಿದಳೋ ಇಲ್ಲವೋ, ಬಚ್ಚಲ ಹೊರಗೆ ಚಪ್ಪಲಿ ಬಿಟ್ಟಿದ್ದರೆ ಒಳಗೆ ಯಾರೋ ಇದ್ದಾರೆಂದು ಅರ್ಥ ಎಂಬ ಪದ್ಧತಿ ಜಾರಿಗೆ ಬಂತು. ರಶ್ಮಿತಾ ಅದನ್ನು ಸ್ಕೂಲಿನ ಪ್ರಬಂಧದಲ್ಲಿ 'ನಮ್ಮ ಮನೆಯ ಚೈನೀಸ್ ಸಂಸ್ಕೃತಿ' ಎಂದು ಇಂಗ್ಲಿಷಿನಲ್ಲಿ ಬರೆದು ಹತ್ತಕ್ಕೆ ಒಂಬತ್ತು ತೆಗೆದುಕೊಂಡಳು.

ವಿಜಯಮ್ಮನವರ ಮುಂದೆ ಈ ಚೀನಾ ನಡೆಯಲಿಲ್ಲ. "ಅಳಿಯಂದಿರು ಓಡಾಡೋ ಮನೇಲಿ ಚಿಲಕ ಹಾಕ್ದೆ ಹೋಗೋದಾ? ಚೆನ್ನಾಗಿದೆ" ಎಂದು ಬಂದ ದಿನವೇ ಮಗಳ ಹತ್ತಿರ ಅಂದದ್ದು ಅವನ ಕಿವಿಗೂ ಬಿದ್ದಿತ್ತು. ಅಂದಿನಿಂದ ಅವರು ಎದ್ದಾಗಲೆಲ್ಲ ಅವನು ಉಸಿರು ಹಿಡಿದು ಕೇಳಿಸಿಕೊಂಡಿದ್ದ. ಹದಿನಾರು ಬೀಗದಲ್ಲಿ ಒಂದು ಕೆಟ್ಟದ್ದು, ಕೆಟ್ಟದ್ದೂ ಪ್ರತಿ ಸಲ ಕೈಕೊಡುವುದಿಲ್ಲ, ಹಾಗಾಗಿ ತಿಂಗಳು ಹೇಗೋ ಕಳೆದೀತು ಎಂಬುದು ಅವನ ಲೆಕ್ಕ. ಅತ್ತೆ ಬಚ್ಚಲಿಗೆ ಹೋಗುವುದನ್ನು ಕಿವಿಗೊಟ್ಟು ಕಾಯುವ ಅಳಿಯ ಎಂದು ತನ್ನನ್ನು ತಾನೇ ಹೊರಗಿನಿಂದ ನೋಡಿಕೊಂಡಾಗ ಅವನಿಗೆ ಹೇಸಿಗೆಯಾಗುತ್ತಿತ್ತು. ಆದರೂ ಕೇಳಿಸಿಕೊಳ್ಳುವುದನ್ನು ಬಿಡಲಾಗಲಿಲ್ಲ.

"ಕಾಂತಾ," ಒಳಗಿನಿಂದ ದನಿ ಬಂತು, ಇನ್ನೂ ಗಾಬರಿಯಿಲ್ಲದ ದನಿ. "ಈ ಚಿಲಕ ಬರ್ತಿಲ್ವಲ್ಲೇ."

"ಎಡಕ್ಕೆ ತಿರುಗ್ಸಮ್ಮ."

"ಎಡಕ್ಕೂ ಆಯ್ತು, ಬಲಕ್ಕೂ ಆಯ್ತು. ಗಿರಿಗಿರಿ ಅಂತ ಸುಮ್ನೆ ತಿರುಗ್ತಿದೆ."

ಮೂವರೂ ಬಾಗಿಲ ಮುಂದೆ ಬಂದು ನಿಂತರು. ಕಾಂತಾಮಣಿ ಹಿಡಿಯನ್ನು ಕೆಳಕ್ಕೆ ಎಳೆದಳು, ದೂಡಿದಳು, ಭುಜ ಕೊಟ್ಟಳು. ಆಮೇಲೆ ಗಂಡನ ಕಡೆ ತಿರುಗಿದಳು. ಆ ನೋಟದಲ್ಲಿ ಪೂರ್ತಿ ನಂಬಿಕೆಯಿತ್ತು, ಅದೇ ಕಷ್ಟ. "ನೋಡ್ರಿ. ಹದಿನಾಲ್ಕು ತಿಂಗ್ಳು ಇದೇ ಕೆಲ್ಸಕ್ಕೆ ತಾನೆ ಹೋಗಿದ್ದು ನೀವು?"

ಅವನಿಗೆ ಆ ಬಾಗಿಲು ತೆಗೆಯಲು ಬರುತ್ತಿತ್ತು. ಹಿಡಿಯನ್ನು ಮೇಲಕ್ಕೆ ಎತ್ತಬೇಕು, ಬಾಗಿಲನ್ನು ತನ್ನ ಕಡೆಗೆ ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಂದು ಅಂಗೈಯ ಬುಡದಿಂದ ಹಿಡಿಯ ಕೆಳಗೆ ಒಂದು ಏಟು. ಹೊರಗಿನಿಂದಲೇ ಬೀಳಬೇಕು ಏಟು, ಒಳಗಿನಿಂದ ಆಗದು. ಎರಡು ಸೆಕೆಂಡಿನ ಕೆಲಸ. ಎರಡು ಸೆಕೆಂಡಿನಲ್ಲಿ ತೆಗೆದರೆ ಮೂರನೆಯ ಸೆಕೆಂಡಿಗೆ ಕಾಂತಾಮಣಿ ಕೇಳುತ್ತಾಳೆ: ನಿಮಗೆ ಹೇಗೆ ಗೊತ್ತಿತ್ತು? ಎತ್ತಿದ ಕೈಯನ್ನು ಅವನು ತಲೆ ಕೆರೆದುಕೊಳ್ಳಲು ಬಳಸಿದ. "ಸ್ಕ್ರೂ ಡ್ರೈವರ್ ತರ್ತೀನಿ" ಎಂದು ಒಳಗೆ ಹೋಗಿ, ಸ್ಕ್ರೂ ಡ್ರೈವರ್ ಇದ್ದ ಡ್ರಾಯರನ್ನು ಬಿಟ್ಟು ಉಳಿದೆಲ್ಲ ಡ್ರಾಯರುಗಳನ್ನೂ ತೆರೆದು ನೋಡಿದ.

ಆಗ ಕರೆಗಂಟೆ ಸದ್ದು ಮಾಡಿತು.

ವ್ಯಾಲೆಂಟೈನ್ ಊಟಕ್ಕೆ ಬರುವವರಿದ್ದರು. ಉಡುಪಿಯ ಕಡೆಯವರು, ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದವರು, ಚನ್ನಕೇಶವನನ್ನು ಚೀನಾಕ್ಕೆ ಕಳಿಸಿದವರೂ ಅವರೇ, ವಾಪಸು ಕರೆಸಿಕೊಂಡವರೂ ಅವರೇ. ಇಲ್ಲಿ ವಾರದ ರಜೆ ಶುಕ್ರವಾರ, ಚರ್ಚಿನ ಪೂಜೆಯೂ ಅಂದೇ; ಅದನ್ನು ಮುಗಿಸಿ ನೇರ ಬಂದಿದ್ದರು, ಇಸ್ತ್ರಿ ಮಾಡಿದ ತಿಳಿನೀಲಿ ಶರ್ಟು, ಕೈಯಲ್ಲೊಂದು ಪ್ಲಾಸ್ಟಿಕ್ ಫೋಲ್ಡರು. "ಮಟಿಲ್ಡಾಳಿಗೆ ಕ್ವಾಯರ್ ಪ್ರಾಕ್ಟೀಸ್ ಉಂಟಂತೆ, ನೀವು ಹೋಗಿ ಅಂದ್ಲು" ಎಂದು ಹೆಂಡತಿ ಬಾರದ್ದಕ್ಕೆ ಕಾರಣ ಹೇಳುತ್ತ ಚಪ್ಪಲಿ ಬಿಟ್ಟವರು, ಬಚ್ಚಲ ಮುಂದೆ ನಿಂತಿದ್ದ ತಾಯಿ ಮಗಳನ್ನು ನೋಡಿ, "ಎಂತಾಯ್ತು?" ಎಂದರು.

"ಅಮ್ಮ ಒಳಗೆ ಸಿಕ್ಕಾಕೊಂಡಿದಾರೆ ಸರ್."

"ಅಯ್ಯೋ ದೇವರೇ." ಹತ್ತಿರ ಬಂದು ಬಾಗಿ ಬೀಗ ನೋಡಿದರು. ಎಲೆಯ ಹಾಗೆ ಬಾಗಿದ ಹಿಡಿಯನ್ನು ನೋಡಿದರು. ಫೋಲ್ಡರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಚನ್ನಕೇಶವನಿಗೆ ಫೋಲ್ಡರಿನೊಳಗೆ ಏನಿದೆ ಎಂದು ಗೊತ್ತಿತ್ತು. ಅಲ್ ಹಿಲಾಲ್‌ನ ಒಂದು ಕಟ್ಟಡದಲ್ಲಿ ಈಜಿಪ್ಟಿನ ಮೇಷ್ಟ್ರೊಬ್ಬರು ಎರಡು ಗಂಟೆ ಇಂಥದೇ ಬೀಗದ ಹಿಂದೆ ಸಿಕ್ಕಿ ಕೂತಿದ್ದರು. ಕಟ್ಟಡದ ಮಾಲೀಕ ದೂರು ಕೊಟ್ಟಿದ್ದ. ಅದಕ್ಕೆ ಉತ್ತರ: ಬೀಗಗಳು ಒಪ್ಪಿದ ಮಾದರಿಗೆ ತಕ್ಕಂತಿವೆ, ತಪಾಸಣೆಯಾಗಿವೆ, ತೊಂದರೆ ಆಗಿದ್ದರೆ ಅದು ಬಳಸುವವರು ತಪ್ಪಾಗಿ ಬಳಸಿದ್ದರಿಂದ. ಕೆಳಗೆ ತಪಾಸಣೆ ಮಾಡಿದವನ ಸಹಿಗೆ ಜಾಗ. ಸಹಿ ಬಿದ್ದರೆ ಮುಂದಿನ ತಿಂಗಳಿಂದ ಚನ್ನಕೇಶವ ಕ್ವಾಲಿಟಿ ಮ್ಯಾನೇಜರು. ಇದೆಲ್ಲ ಗುರುವಾರ ಆಫೀಸಿನಲ್ಲೇ ಮಾತಾಗಿತ್ತು. ಊಟ ಮಾಡಿ, ಪಾಯಸ ಕುಡಿದು, ಸಹಿ ಹಾಕುವುದೆಂದು ತೀರ್ಮಾನವಾಗಿತ್ತು.

"ನಮಸ್ಕಾರ ಅಮ್ಮ," ವ್ಯಾಲೆಂಟೈನ್ ಬಾಗಿಲಿಗೆ ಹೇಳಿದರು. "ನಾನು ವ್ಯಾಲೆಂಟೈನ್. ಕೇಶವನ ಆಫೀಸಿನವ. ನೀವು ಹೆದರ್ಬೇಡಿ."

"ನಮಸ್ಕಾರ," ಬಾಗಿಲು ಹೇಳಿತು. "ಬನ್ನಿ, ಕೂತ್ಕೊಳಿ. ಕಾಂತಾ, ಅವರಿಗೆ ಪಾನಕ ಕೊಟ್ಯಾ?"

"ಅಮ್ಮ, ನೀವು ಆ ಗುಂಡಿಯನ್ನು ಜೋರಾಗಿ ತಿರುಗಿಸಿದ್ದಾ? ಹೀಗೆ, ಒಮ್ಮೆಲೇ?"

"ಚಿಲಕಾನ ಹೇಗೆ ತಿರುಗಿಸ್ಬೇಕೋ ಹಾಗೆ ತಿರುಗಿಸ್ದೆ. ಅರವತ್ತು ವರ್ಷದಿಂದ ಚಿಲಕ ಹಾಕ್ತಿದೀನಿ, ಯಾವ್ದೂ ಹೀಗೆ ಮಾಡಿರಲಿಲ್ಲ."

ವ್ಯಾಲೆಂಟೈನ್ ಜೇಬಿನಿಂದ ಐವತ್ತು ದಿರ್ಹಮಿನ ನಾಣ್ಯ ತೆಗೆದು ಹೊರಗಿನ ಸೀಳಿಗೆ ತೂರಿಸಿ ತಿರುಗಿಸಿದರು. ಅದು ಯಾವುದಕ್ಕೂ ಕಚ್ಚಿಕೊಳ್ಳದೆ ಸುತ್ತಿತು. ಬ್ಯಾಂಕಿನ ಕಾರ್ಡನ್ನು ಬಾಗಿಲ ಸಂದಿಗೆ ತೂರಿಸಿದರು. ಕಾರ್ಡು ಒಳಗೆ ಬಿತ್ತು. "ಏನೋ ಬಂತು" ಎಂದಿತು ಬಾಗಿಲು. "ನನ್ನ ಕಾರ್ಡಮ್ಮ. ಇರ್ಲಿ, ಆಮೇಲೆ ಕೊಡಿ." ಕಾಂತಾಮಣಿ ಬೀಗದವನಿಗೆ ಫೋನು ಮಾಡಿದಳು, ರಿಂಗಾಗಿ ರಿಂಗಾಗಿ ನಿಂತಿತು. ಜುಮಾ ನಮಾಜಿನ ಹೊತ್ತು, ಅಂಗಡಿಗಳೆಲ್ಲ ಮುಚ್ಚಿ ವಕ್ರಾ ಪೂರ್ತಿ ಮಸೀದಿಯಲ್ಲಿತ್ತು. ಕಿಟಕಿಯಿಲ್ಲದ ಬಚ್ಚಲು, ಆಗಸ್ಟ್ ತಿಂಗಳು. ಒಳಗೆ ನೀರು ಬಿಟ್ಟ ಸದ್ದಾಯಿತು. "ಮುಖಕ್ಕೆ ಒಂದಿಷ್ಟು ತಣ್ಣೀರು ಹಾಕ್ಕೊಳಣ ಅಂದ್ರೆ ಎರಡೂ ನಲ್ಲೀಲಿ ಬಿಸಿನೀರೇ ಬರ್ತಿದೆಯಲ್ಲೇ." "ಟ್ಯಾಂಕಿಗೆ ಬಿಸಿಲು ಅಮ್ಮ, ಈ ತಿಂಗ್ಳು ಹಾಗೇ." ಸ್ವಲ್ಪ ಹೊತ್ತಿನ ಮೇಲೆ, "ಬೆವರು ಜಾಸ್ತಿ ಆಗ್ತಿದೆ" ಎಂದಾಗ ದನಿ ಮೊದಲಿಗಿಂತ ಸಣ್ಣದಾಗಿತ್ತು.

ಕಾಂತಾಮಣಿ ಚಪ್ಪಲಿ ಮೆಟ್ಟಿದಳು. "ನಾನು ಮೂರನೇ ಫ್ಲೋರಿನ ಮಲಯಾಳಿಗಳ ಹತ್ರ ಡ್ರಿಲ್ ಇದೆಯಾ ಕೇಳ್ತೀನಿ. ಇಲ್ದಿದ್ರೆ ಪೊಲೀಸ್ರಿಗೆ, ಒಂಬತ್ತು ಒಂಬತ್ತು ಒಂಬತ್ತಿಗೆ ಮಾಡೋದೇ." ವ್ಯಾಲೆಂಟೈನ್, "ನನ್ನ ಕಾರಲ್ಲಿ ಟೂಲ್ ಬಾಕ್ಸ್ ಉಂಟು, ಬಾ ಪುಟ್ಟಿ, ಲಿಫ್ಟ್ ಹಿಡ್ಕೋ" ಎಂದು ರಶ್ಮಿತಾಳನ್ನು ಕರೆದುಕೊಂಡು ಇಳಿದರು. "ನೀವು ಅಮ್ಮನ ಹತ್ರ ಮಾತಾಡ್ತಾ ಇರಿ, ಸುಮ್ನೆ ಬಿಡ್ಬೇಡಿ" ಎಂದು ಹೇಳಿ ಕಾಂತಾಮಣಿ ಮೆಟ್ಟಿಲ ಕಡೆ ಓಡಿದಳು. ಮನೆ ಖಾಲಿಯಾಯಿತು. ಎ.ಸಿ.ಯ ಗುಂಯ್‌ಗುಡುವಿಕೆ, ಅಡುಗೆಮನೆಯಲ್ಲಿ ಒರಳಿಗೆ ಅಂಟಿಕೊಂಡೇ ಒಣಗುತ್ತಿದ್ದ ಶಾವಿಗೆ, ಬಾಗಿಲ ಆಚೆ ಅತ್ತೆ, ಈಚೆ ಅವನು.

ಚೀನಾದ ಆ ಊರಲ್ಲೂ ಮಧ್ಯಾಹ್ನ ಹೀಗೇ ನಿಶ್ಶಬ್ದವಾಗುತ್ತಿತ್ತು. ಝೊಂಗ್‌ಶಾನ್ ಕಡೆಯ ಬೀಗಗಳ ಊರು. ಒಂದು ಬೀದಿಯಲ್ಲಿ ಬರೀ ತಿರುಪು, ಇನ್ನೊಂದರಲ್ಲಿ ಬರೀ ಬಾಗಿಲ ಹಿಡಿ, ಮೂರನೆಯದರಲ್ಲಿ ಬರೀ ಕೀಲು. ಊರಿನವರು ಯಾವಾಗಲಾದರೂ ಒಟ್ಟು ಸೇರಿ ಒಂದು ಬಾಗಿಲು ಮಾಡುತ್ತಾರೇನೋ ಎಂದು ಮೊದಲ ವಾರ ಅವನಿಗೆ ಅನ್ನಿಸಿತ್ತು. ಹನ್ನೆರಡಕ್ಕೆ ಫ್ಯಾಕ್ಟರಿಯ ದೀಪ ಆರುತ್ತಿತ್ತು. ಊಟ ಮುಗಿಸಿದ ಇನ್ನೂರು ಜನ ಇದ್ದಲ್ಲೇ, ಬೆಂಚಿನ ಮೇಲೆ, ರಟ್ಟಿನ ಡಬ್ಬಗಳ ಮೇಲೆ ತಲೆಯಿಟ್ಟು ಒಂದೂವರೆಯ ತನಕ ಮಲಗುತ್ತಿದ್ದರು. ಎಚ್ಚರವಿದ್ದವನು ಅವನೊಬ್ಬನೇ. ಮಲಗಿದವರ ನಡುವೆ ಬೆಕ್ಕಿನ ಹಾಗೆ ಕಾಲಿಟ್ಟು ತಿರುಗುತ್ತ, ಇಲ್ಲಿ ಯಾರೂ ತನ್ನನ್ನು ನೋಡದೆ ಇರುವ ಹೊತ್ತು ಇದೊಂದೇ ಎಂದುಕೊಳ್ಳುತ್ತಿದ್ದ. ಬೇರೆ ಹೊತ್ತಿನಲ್ಲಿ ಎಲ್ಲರೂ ನೋಡುತ್ತಿದ್ದರು. ತರಕಾರಿ ಅಂಗಡಿಯ ಮುದುಕಿ ಅವನ ಮುಂಗೈಯ ಕೂದಲನ್ನು ಎಳೆದು ನೋಡಿ ಪಕ್ಕದವಳನ್ನೂ ಕರೆದಿದ್ದಳು. ಮಾಂಸ ತಿನ್ನುವುದಿಲ್ಲ ಎಂದು ಫೋನಿಗೆ ಹೇಳಿ, ಫೋನು ಅವರ ಭಾಷೆಯಲ್ಲಿ ಹೇಳಿದರೆ, ಹೋಟೆಲಿನವನು ತುಂಬ ಕನಿಕರದಿಂದ ಮಾಂಸದ ತುಂಡುಗಳನ್ನು ಕಡ್ಡಿಯಿಂದ ಒಂದೊಂದಾಗಿ ಹೆಕ್ಕಿ ತೆಗೆದು ಅದೇ ಬಟ್ಟಲನ್ನು ಮುಂದಿಟ್ಟಿದ್ದ. ಫ್ಯಾಕ್ಟರಿಯಲ್ಲಿ ಅವನು ಇನ್‌ಸ್ಪೆಕ್ಟರ್ ಚೆನ್. ಔತಣಕ್ಕೆ ಕರೆದರೆ ಬಾಗಿಲಿಗೆ ಮುಖ ಮಾಡಿದ, ಮುಖ್ಯ ಅತಿಥಿಯ ದೊಡ್ಡ ಕುರ್ಚಿ ಅವನದು. ಸಂಜೆ ಬಾಡಿಗೆ ರೂಮಿಗೆ ಬಂದರೆ ಯಾರೂ ಅಲ್ಲ. ಎರಡನೆಯ ದಿನವೇ ಅವನಿಗೆ ರೂಮಿನ ಬೀಗ ತೆಗೆಯಲು ಬರಲಿಲ್ಲ. ಅಲ್ಲಿನ ಬಾಗಿಲುಗಳಿಗೆ ಹಿಡಿ ಎತ್ತಿ ಬೀಗ ಹಾಕುವ ಪದ್ಧತಿ, ಕೀಲಿ ಎರಡು ಸುತ್ತು. ಬೀಗ ಪರೀಕ್ಷಿಸಲು ಸಮುದ್ರ ದಾಟಿ ಬಂದವನು ಮೆಟ್ಟಿಲ ಮೇಲೆ ಒಂದು ಗಂಟೆ ಕೂತು, ಕೊನೆಗೆ ನಾಚಿಕೆ ಬಿಟ್ಟು ಲೈನಿನ ಮೇಲ್ವಿಚಾರಕಿ ಹುವಾಂಗ್‌ಗೆ ಸಂದೇಶ ಕಳಿಸಿದ. ಆಕೆ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಬಂದಳು, ಎತ್ತಿದಳು, ತಿರುಗಿಸಿದಳು, ಬಾಗಿಲು ತೆರೆಯಿತು. ನಗಲಿಲ್ಲ. ಮರುದಿನ ಫ್ಯಾಕ್ಟರಿಯಲ್ಲಿ ಯಾರೂ ನಗಲಿಲ್ಲ. ಹೇಳಿರಲಿಲ್ಲ ಆಕೆ.

"ಅಳಿಯಂದಿರೇ, ಇದೀರಾ?"

"ಇದೀನಿ ಅತ್ತೆ."

"ಮಾತಾಡಿ ಏನಾದ್ರೂ. ಸುಮ್ನಿದ್ರೆ ತಲೆ ಸುತ್ತುತ್ತೆ."

ಅತ್ತೆಯೊಡನೆ ಅವನು ಹನ್ನೆರಡು ವರ್ಷದಲ್ಲಿ ಪ್ರಯಾಣ ಹೇಗಾಯಿತು, ಊಟ ಆಯಿತಾ ಎಂಬೆರಡನ್ನು ಬಿಟ್ಟು ಮೂರನೆಯದನ್ನು ಮಾತಾಡಿದವನಲ್ಲ. ಅವರು ಕೂಡ ಅವನೆದುರು ಸೆರಗು ಹೊದ್ದು, ಗೋಡೆಯ ಕಡೆ ನೋಡಿ ಮಾತಾಡುವವರು. ಈಗ ನಡುವೆ ಗೋಡೆಯೇ ಇತ್ತು. ಮುಖ ಕಾಣದಿದ್ದರೆ ಮಾತು ಎಷ್ಟು ಸಲೀಸಾಗಿ ಬರುತ್ತದೆ ಎಂಬುದು ಅವನಿಗೆ ಆಶ್ಚರ್ಯವಾಯಿತು. ತನ್ನ ದನಿ ತನಗೇ ಕೇಳಿಸಿತು: "ಅತ್ತೆ, ಈ ಬೀಗ ಪಾಸ್ ಮಾಡಿದ್ದು ನಾನೇ."

"ಹಾಗಂದ್ರೆ?"

ಹೇಳಿದ. ಆರು ಸಾವಿರದ ನಾನೂರು ಬೀಗ. ಅದರಲ್ಲಿ ಎಂಬತ್ತು ಡಬ್ಬ ತೆರೆದು ನೋಡಬೇಕು, ಕೆಟ್ಟದ್ದು ಮೂರಕ್ಕಿಂತ ಹೆಚ್ಚು ಸಿಕ್ಕರೆ ಪೂರ್ತಿ ಸರಕು ವಾಪಸ್ಸು. ಸಿಕ್ಕಿದ್ದು ಐದು. ಬಿಚ್ಚಿ ನೋಡಿದರೆ ಒಳಗೆ ಹಿತ್ತಾಳೆ ಇರಬೇಕಾದ ಕಡೆ ಪ್ಲಾಸ್ಟಿಕ್ಕು. ಸೆಕೆ ತಾಗಿದರೆ ಉಬ್ಬುತ್ತದೆ. ಹುವಾಂಗ್ ಒಂದು ಬೀಗವನ್ನು ಕೈಗೆ ತೆಗೆದುಕೊಂಡು, ಹಿಡಿ ಎತ್ತಿ, ಎಳೆದು, ಅಂಗೈ ಬುಡದಿಂದ ಒಂದು ಏಟು ಕೊಟ್ಟು ತೆಗೆದು ತೋರಿಸಿದಳು. ಆಮೇಲೆ ಫೋನಿಗೆ ಏನೋ ಹೇಳಿದಳು. ಫೋನು ಹೇಳಿತು: ನಾಡಿದ್ದು ಹೊಸವರ್ಷದ ರಜೆ ಶುರು. ಎಲ್ಲರ ಹತ್ತಿರ ಊರಿನ ರೈಲು ಟಿಕೆಟು ಇದೆ. ನೀವು ಬೇಡ ಎಂದರೆ ನಲವತ್ತು ಜನ ಇಲ್ಲೇ ಉಳಿದು ಮತ್ತೆ ಮಾಡಬೇಕು. ನನ್ನ ಮಗಳನ್ನು ನೋಡದೆ ಒಂದು ವರ್ಷ ಆಯಿತು.

"ಲಂಚ ಏನೂ ತಗೊಂಡಿಲ್ಲ ಅತ್ತೆ. ಆಮೇಲೆ ಒಂದು ಚೀಲ ಕಿತ್ತಳೆ ಕೊಟ್ಲು, ಅಷ್ಟೆ."

"ತಿಂದ್ರಾ?"

"...ತಿಂದೆ."

ಒಳಗೆ ಬಕೆಟು ಮಗುಚಿ ಅದರ ಮೇಲೆ ಕೂತ ಸದ್ದಾಯಿತು. "ಎಷ್ಟು ಅಂತ ಬರೆದ್ರಿ?"

"ಎರಡು."

"ಮೂರು ಅಂತ ಬರೆದಿದ್ರೂ ಪಾಸಾಗ್ತಿತ್ತಲ್ಲ?"

ಅದನ್ನೇ ಅವನು ಒಂದೂವರೆ ವರ್ಷದಿಂದ ಕೇಳಿಕೊಳ್ಳುತ್ತಿದ್ದ. ಮೂರು ಸಾಕಿತ್ತು. ಸುಳ್ಳು ಹೇಳುವಾಗಲೂ ಕೈ ಧಾರಾಳವಾಗಿ ಯಾಕೆ ಇನ್ನೊಂದನ್ನು ಬಿಟ್ಟುಕೊಟ್ಟಿತು? ಕುರ್ಚಿಯಲ್ಲಿ ಕೂರಿಸಿದ್ದಕ್ಕೋ, ಮೆಟ್ಟಿಲ ಮೇಲೆ ಕೂತದ್ದನ್ನು ಯಾರಿಗೂ ಹೇಳದಿದ್ದುದಕ್ಕೋ? 

"ಅಂದ್ರೆ," ವಿಜಯಮ್ಮನವರು ನಿಧಾನವಾಗಿ ಕೇಳಿದರು, "ಆ ಹೆಂಗಸು ತೋರಿಸಿದ್ದು ನಿಮಗೆ ನೆನಪಿದೆ."

"ಇದೆ."

"ಮತ್ತೆ ನಾನು ಮುಕ್ಕಾಲು ಗಂಟೆಯಿಂದ ಇಲ್ಲಿ ಬೇಯ್ತಾ ಇರೋದು ಯಾತಕ್ಕೆ?"

ಅವನು ಹಿಡಿ ಎತ್ತಿದ, ಎಳೆದ, ಹೊಡೆದ. ಬಾಗಿಲು ತೆರೆಯಿತು, ಎರಡು ಸೆಕೆಂಡು ಕೂಡ ಆಗಿರಲಿಲ್ಲ. ಮಗುಚಿದ ಬಕೆಟ್ಟಿನ ಮೇಲೆ ವಿಜಯಮ್ಮನವರು ಕೂತಿದ್ದರು, ಕುಂಕುಮ ಮೂಗಿನ ತನಕ ಇಳಿದಿತ್ತು, ಕೈಯಲ್ಲಿ ವ್ಯಾಲೆಂಟೈನರ ಬ್ಯಾಂಕ್ ಕಾರ್ಡನ್ನು ಬೀಸಣಿಗೆಯ ಹಾಗೆ ಹಿಡಿದಿದ್ದರು. ಎದ್ದು, ಸೆರಗು ಸರಿಮಾಡಿಕೊಂಡು, ಅವನತ್ತ ನೋಡದೆ ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದರು. ಅವನು ಹಿಂದೆಯೇ ಹೋದ.

"ಅತ್ತೆ, ಒಂದು ಮಾತು. ಅವರು ಬಂದ್ರೆ ತಾನಾಗೇ ತೆರ್ಕೊಳ್ತು ಅಂತ..."

ವಿಜಯಮ್ಮನವರು ಲೋಟ ಕೆಳಗಿಟ್ಟರು. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಅವರ ಕೆಲಸ ಸೀರೆಗಳನ್ನು ಬೆಳಕಿಗೆ ಹಿಡಿದು ನೋಡುವುದಾಗಿತ್ತು ಎಂಬುದು ಅವನಿಗೆ ಗೊತ್ತಿತ್ತು, ಆದರೆ ಈ ತನಕ ನೆನಪಾಗಿರಲಿಲ್ಲ. ಅವರು ಈಗ ಅವನನ್ನು ಹಾಗೆಯೇ ನೋಡಿದರು, ನೇರವಾಗಿ, ಬೆಳಕಿಗೆ ಹಿಡಿದು.

"ನಾನೂ ಒಂದು ಬಿಟ್ಟಿದೀನಿ," ಎಂದರು. "ಮಾವಿನಹಣ್ಣಿನ ಬಣ್ಣದ್ದು. ಸೆರಗಿನ ಹತ್ರ ಒಂದು ಎಳೆ ಇರ್ಲಿಲ್ಲ. ನೇಯ್ದವನ ಹೆಂಡ್ತಿ ಹೆರಿಗೆಗೆ ಹೋಗಿದ್ಲು, ಪಾಪ ಅಂತ ಮೊಹರು ಒತ್ತಿದೆ. ಎರಡು ವರ್ಷ ಆದ್ಮೇಲೆ ನಮ್ಮ ವೆಂಕಟರಾಮು ಮಗಳ ಮದುವೇಲಿ ಹುಡುಗಿ ಅದನ್ನೇ ಉಟ್ಕೊಂಡು ಕೂತಿದಾಳೆ! ಧಾರೆ ಆಯ್ತೋ ಇಲ್ವೋ, ಊಟ ಏನು ಬಡಿಸಿದ್ರೋ, ಒಂದೂ ಗೊತ್ತಿಲ್ಲ ನನಗೆ. ಆ ಎಳೆ ಇಲ್ದಿರೋ ಜಾಗಾನೇ ನೋಡ್ತಾ ಕೂತಿದ್ದೆ."

"ಯಾರಿಗಾದ್ರೂ ಹೇಳಿದ್ರಾ?"

"ಈಗ ಹೇಳ್ದೆನಲ್ಲ." ಸೀರೆಯ ತುದಿಯಿಂದ ಮುಖ ಒರೆಸಿಕೊಂಡರು. "ಅದು ಸೀರೆ. ಎಳೆ ಇಲ್ದಿದ್ರೆ ಯಾರೂ ಒಳಗೆ ಸಿಕ್ಕಾಕೊಳಲ್ಲ. ಇದು ಹಾಗಲ್ಲ. ಇನ್ನು ಎಷ್ಟು ಮನೇಲಿದೆಯೋ, ಎಷ್ಟು ಜನ ವಯಸ್ಸಾದವರಿದಾರೋ." ಒಂದು ಬಾಟಲಿಗೆ ತಣ್ಣೀರು ತುಂಬಿಕೊಂಡರು, ಟೇಬಲ್ಲಿನ ಮೇಲಿದ್ದ ಅಂಗಡಿಯ ಜಾಹೀರಾತು ಪುಸ್ತಕವನ್ನು ಗಾಳಿ ಬೀಸಿಕೊಳ್ಳಲೆಂದು ತೆಗೆದುಕೊಂಡರು. "ಯಾರೂ ಇಲ್ದಾಗ ತೆಗೆದ ಬಾಗಿಲು ಲೆಕ್ಕಕ್ಕಿಲ್ಲ ಅಳಿಯಂದಿರೇ. ಅವರ ಮುಂದೆ ತೆಗೀರಿ."

ಅವನಿಗೆ ಅರ್ಥವಾಗುವಷ್ಟರಲ್ಲಿ ಅವರು ಬಚ್ಚಲೊಳಗೆ ಹೋಗಿ ಬಾಗಿಲು ಹಾಕಿಕೊಂಡಾಗಿತ್ತು. ಟಕ್ ಎಂದಿತು ಬೀಗ. ಅಷ್ಟೇ. ಮರುಗಳಿಗೆಗೆ ಬಾಗಿಲು ಮತ್ತೆ ತೆರೆದು ವಿಜಯಮ್ಮನವರು ತಲೆ ಹೊರಗೆ ಹಾಕಿದರು. "ಈಗ ಸರಿಯಾಗಿದೆಯಲ್ಲ ಇದು!" ಮುಖದಲ್ಲಿ ನಿಜವಾದ ಬೇಸರವಿತ್ತು. ಮತ್ತೆ ಹಾಕಿದರು. ಟಕ್. ಮತ್ತೆ ತೆರೆಯಿತು. ಚನ್ನಕೇಶವ ಆ ಬೀಗದ ಮೇಲೆ ಒಂದೂವರೆ ವರ್ಷದಲ್ಲಿ ಮೊದಲ ಸಲ ಭರವಸೆಯಿಟ್ಟ. ಒಳ್ಳೆಯ ಬೀಗವಾಗು ಎಂದು ಮನಸ್ಸಿನಲ್ಲೇ ಬೇಡಿಕೊಂಡ, ಇವತ್ತೊಂದು ದಿನ ಮಾದರಿಗೆ ತಕ್ಕಂತಿರು. ಲಿಫ್ಟು ಮೇಲೆ ಬರುವ ಸದ್ದು ಕೇಳಿಸಿತು. ಮೂರನೆಯ ಸಲ ಬಾಗಿಲು ಮುಚ್ಚಿತು. ಟಕ್. ಆಮೇಲೆ, ಸಣ್ಣಗೆ, ಟಿಕ್.

"ಹಿಡ್ಕೊಂಡ್ತು," ಎಂದಿತು ಬಾಗಿಲು, ತೃಪ್ತಿಯಿಂದ.

ವ್ಯಾಲೆಂಟೈನ್ ಟೂಲ್ ಬಾಕ್ಸ್ ಹಿಡಿದು ಬಂದರು, ಹಿಂದೆ ರಶ್ಮಿತಾ. ಮೆಟ್ಟಿಲಿಂದ ಕಾಂತಾಮಣಿ ಬಂದಳು, ಮಲಯಾಳಿಗಳು ಮನೆಯಲ್ಲಿರಲಿಲ್ಲ, ಅವಳ ಕೈಯಲ್ಲಿ ಫೋನಿತ್ತು, ಒಂಬತ್ತು ಎರಡು ಸಲ ಒತ್ತಿಯಾಗಿತ್ತು. "ಅಮ್ಮ ಮಾತಾಡ್ತಿದಾರಾ?" "ಮಾತಾಡ್ತಿದಾರೆ" ಎಂದ ಚನ್ನಕೇಶವ. ವ್ಯಾಲೆಂಟೈನ್ ಫೋಲ್ಡರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸುತ್ತಿಗೆ ಎತ್ತಿದರು. "ಸರಿ, ಒಡೆದೇ ಬಿಡುವ. ಅಮ್ಮ, ಬಾಗಿಲಿಂದ ಆಚೆ ನಿಲ್ಲಿ."

"ನಮ್ಮ ಅಳಿಯಂದಿರು ಏನೋ ಮಾಡ್ತಾರಂತೆ," ಎಂದಿತು ಬಾಗಿಲು. "ಮೊದ್ಲು ಅವರು ಮಾಡ್ಲಿ."

ಎಲ್ಲರೂ ಅವನನ್ನು ನೋಡಿದರು. ಆ ಊರಿನ ತರಕಾರಿ ಅಂಗಡಿಯವರು ನೋಡಿದ ಹಾಗೆ. ಸುತ್ತಿಗೆ ಬೀಳಲಿ, ಬಾಗಿಲು ಹೋದರೆ ಹೋಗಲಿ ಎಂದು ಸುಮ್ಮನಿರಬಹುದಿತ್ತು; ಬಾಗಿಲ ಹಿಂದಿನ ಹೆಂಗಸೂ ಬಾಯಿ ಬಿಡುವವರಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ಮೆಟ್ಟಿಲ ಮೇಲೆ ಕೂತದ್ದನ್ನು ಹುವಾಂಗ್ ಕೂಡ ಯಾರಿಗೂ ಹೇಳಿರಲಿಲ್ಲ. ಹೇಳದವರೇ ಕೊನೆಗೆ ಹೀಗೆ ಕಟ್ಟಿಹಾಕುತ್ತಾರೆ. ಅವನು ಮುಂದೆ ಬಂದು ಹಿಡಿಯನ್ನು ಮೇಲಕ್ಕೆ ಎತ್ತಿದ, ಬಾಗಿಲನ್ನು ಎಳೆದು ಹಿಡಿದ, ಅಂಗೈ ಬುಡದಿಂದ ಹೊಡೆದ.

ವಿಜಯಮ್ಮನವರು ಆಗತಾನೆ ಸಿಕ್ಕಿಕೊಂಡವರಂತೆ ಹಣೆ ಒರೆಸಿಕೊಳ್ಳುತ್ತ ಹೊರಗೆ ಬಂದರು. ಕೈಯಲ್ಲಿ ತಣ್ಣೀರಿನ ಬಾಟಲಿ ಇದ್ದದ್ದನ್ನು ಆ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ. "ತಗೊಳಿ ನಿಮ್ಮ ಕಾರ್ಡು" ಎಂದು ವ್ಯಾಲೆಂಟೈನರಿಗೆ ಕೊಟ್ಟು, ಮಗಳ ಅಪ್ಪುಗೆಯೊಳಗೆ ನಿಂತೇ ಅಳಿಯನನ್ನು ನೋಡಿದರು. ಮುಂದಿನದು ನಿಮ್ಮದು ಎಂಬಂತೆ.

"ಎಲ್ಲಿ ಕಲಿತದ್ದು ಮಾರಾಯ ಇದು?" ಎಂದರು ವ್ಯಾಲೆಂಟೈನ್, ಸುತ್ತಿಗೆ ಇನ್ನೂ ಎತ್ತಿಯೇ ಇತ್ತು.

"ಫ್ಯಾಕ್ಟರೀಲಿ ಸರ್." ಅವನು ಹಿಡಿಯಿಂದ ಕೈ ತೆಗೆದ. "ಪಾಸ್ ಮಾಡೋ ದಿನಾನೇ. ಐದು ಕೆಟ್ಟಿತ್ತು. ನಾನು ಎರಡು ಅಂತ ಬರೆದೆ."

ಕಾಂತಾಮಣಿಯ ಕೈ ಅಮ್ಮನ ಬೆನ್ನ ಮೇಲೆ ನಿಂತುಬಿಟ್ಟಿತು. ಅವಳು ಗಂಡನನ್ನು ನೋಡಿದಳು, ಬಚ್ಚಲ ಹೊರಗೆ ಚಪ್ಪಲಿ ಬಿಡುವ ಜಾಗವನ್ನು ನೋಡಿದಳು, ಮತ್ತೆ ಗಂಡನನ್ನು. ಒಂದು ವರ್ಷದ ಚೀನಾ ಅವಳ ಮುಖದಲ್ಲಿ ಕುಸಿಯುತ್ತಿರುವುದು ಅವನಿಗೆ ಕಾಣಿಸಿತು. ಆದರೆ ಮಾತು ಬಂದದ್ದು ರಶ್ಮಿತಾಳ ಬಾಯಿಂದ.

"ಅಪ್ಪಾ, ಹಾಗಾದ್ರೆ ಚೀನಾದಲ್ಲಿ ಬಾತ್‌ರೂಮ್ ಲಾಕ್ ಮಾಡ್ತಾರಾ?"

"ಮಾಡ್ತಾರೆ ಪುಟ್ಟಾ," ಎಂದ ಚನ್ನಕೇಶವ. "ಎಲ್ಲರೂ ಮಾಡ್ತಾರೆ."

"ಬಟ್ ನನಗೆ ನೈನ್ ಔಟ್ ಆಫ್ ಟೆನ್ ಸಿಕ್ತಲ್ಲ!"

"ಅದು ಪಾಸಾಯ್ತು ಬಿಡು" ಎಂದಳು ಕಾಂತಾಮಣಿ. ಆ ದನಿಯಲ್ಲಿ ರಾತ್ರಿಗೆಂದು ಎತ್ತಿಟ್ಟ ಮಾತುಗಳ ದಾಸ್ತಾನು ಅವನಿಗೆ ಕೇಳಿಸಿತು. ಅವಳು ಅಮ್ಮನನ್ನು ಕೂರಿಸಿ ಅಡುಗೆಮನೆಗೆ ಹೋದಳು. ಎಲೆ ಹಾಕುವ ಸದ್ದು, ಎಂದಿಗಿಂತ ಜೋರಾಗಿ.

ವ್ಯಾಲೆಂಟೈನ್ ಸುತ್ತಿಗೆಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದರು.  ಇಪ್ಪತ್ತೆರಡು ವರ್ಷ ಇಂಥ ಎಷ್ಟು ಫೋಲ್ಡರುಗಳನ್ನು ಊಟದ ಮನೆಗಳಿಗೆ ಹೊತ್ತು ತಿರುಗಿದ್ದರೋ. ಚನ್ನಕೇಶವ ಕೆಲಸ, ವೀಸಾ, ಮಗಳ ಸ್ಕೂಲು, ಎಲ್ಲವನ್ನೂ ಒಂದೊಂದಾಗಿ ಡಬ್ಬದಿಂದ ತೆಗೆದು ನೋಡಿ ಪಕ್ಕಕ್ಕಿಡುತ್ತಿದ್ದ. 'ಎಲೆ ಹಾಕಿದೆ' ಎಂದು ಒಳಗಿನಿಂದ ಕರೆ ಬಂತು.

"ಭಾನುವಾರ ಬೇಗ ಬಾ ಆಫೀಸಿಗೆ," ಎಂದರು ವ್ಯಾಲೆಂಟೈನ್ ಕೊನೆಗೆ, ಅವನತ್ತ ನೋಡದೆ. "ಬೇರೆ ಕಾಗದ ಬರೀಲಿಕ್ಕುಂಟು. ಐದು ಅಂತಲೇ ಬರಿ. ಮ್ಯಾನೇಜರ್ ಗೀನೇಜರ್ ಎಲ್ಲ ಮರ್ತುಬಿಡು. ಆಮೇಲೆ ನಿನ್ನನ್ನು ಉಳಿಸ್ಲಿಕ್ಕೆ ಆಗ್ತದಾ ಅಂತ ಪ್ರಯತ್ನ ಮಾಡ್ತೇನೆ, ಪ್ರಾಮಿಸ್ ಇಲ್ಲ." ಎದ್ದರು. "ಕೈ ತೊಳ್ಕೊಂಡು ಬರ್ತೇನೆ."

ಬಚ್ಚಲ ಹೊಸ್ತಿಲಲ್ಲಿ ಅವರ ಕಾಲು ನಿಂತಿತು. ಬಾಗಿಲಿಗೆ ತಾನಾಗಿಯೇ ಮುಚ್ಚಿಕೊಳ್ಳುವ ಚಾಳಿಯಿತ್ತು, ಸ್ವಲ್ಪ ಸ್ವಲ್ಪವೇ ಅವರ ಬೆನ್ನ ಕಡೆಗೆ ಬರುತ್ತಿತ್ತು. ವ್ಯಾಲೆಂಟೈನ್ ಹಿಂದಕ್ಕೆ ಬಂದು ಸುತ್ತ ನೋಡಿದರು. ಆಮೇಲೆ ಕಂಕುಳಿನ ಫೋಲ್ಡರಿನಿಂದ ಕಾಗದ ತೆಗೆದು, ಬೀಗಗಳು ಒಪ್ಪಿದ ಮಾದರಿಗೆ ತಕ್ಕಂತಿವೆ ಎಂಬ ಸಾಲು ಒಳಗಡೆ ಬರುವ ಹಾಗೆ ಎರಡು ಮಡಿಕೆ, ನಾಲ್ಕು ಮಡಿಕೆ, ಎಂಟು ಮಡಿಕೆ ಮಾಡಿ, ಬಾಗಿ, ಬಾಗಿಲ ಅಡಿಗೆ ಗಟ್ಟಿಯಾಗಿ ಸಿಕ್ಕಿಸಿದರು. ಒಂದು ಸಲ ಎಳೆದು ನೋಡಿದರು. ಅಲುಗಲಿಲ್ಲ. ಹಾಗೆ ಬಾಗಿಲು ಅಗಲಕ್ಕೆ ತೆರೆದಿಟ್ಟುಕೊಂಡು, ಎಲೆಯ ಮುಂದೆ ಕೂತ ಎಲ್ಲರಿಗೂ ಕಾಣುವಂತೆ ನಿಂತು, ಸುಡುವ ನೀರಿಗೆ "ಸ್ಸ್" ಎನ್ನುತ್ತ ಕೈ ತೊಳೆದುಕೊಂಡರು.